ಮನೆ ರೌಟರ್‌ನ ವಿಪಿಎನ್ ಕೈಕೊಟ್ಟಾಗ: ಪ್ಯಾಕೆಟ್ ಎಲ್ಲಿ ನಿಂತಿತು ಅಂತ ಹುಡುಕುವುದು ಹೇಗೆ?

ಹೊರಗಿದ್ದಾಗಲೂ ಮನೆಯ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಬರಲು ರೌಟರ್‌ನಲ್ಲಿ ವಿಪಿಎನ್ ಸರ್ವರ್ ಆನ್ ಮಾಡಿದ್ದೀರಿ. ಕಾನ್ಫಿಗ್ ಫೈಲನ್ನು ಫೋನಿಗೆ ಹಾಕಿಕೊಂಡಿದ್ದೀರಿ. ಮನೆಯಿಂದ ಹೊರಗೆ ಹೋಗಿ ಬಟನ್ ಒತ್ತಿದರೆ ಒಂದೋ ಚಕ್ರ ತಿರುಗುತ್ತಲೇ ಇರುತ್ತದೆ, ಇಲ್ಲವೇ 'ಕನೆಕ್ಟೆಡ್' ಅಂತ ತೋರಿಸುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಆಗ ಹೆಚ್ಚಿನವರು ಏನು ಮಾಡುತ್ತಾರೆ? ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಕಂಡಕಂಡದ್ದನ್ನೆಲ್ಲ ಬದಲಾಯಿಸುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಮೊದಲು ಸರಿಯಾಗಿದ್ದದ್ದೂ ಕೆಟ್ಟಿರುತ್ತದೆ.

ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಫೋನಿನಿಂದ ಹೊರಟ ಪ್ಯಾಕೆಟ್, ಅಂದರೆ ಡೇಟಾದ ಸಣ್ಣ ತುಂಡು, ಎಲ್ಲಿಯವರೆಗೆ ಬಂತು? ಮನೆಯ ಬಾಗಿಲಿಗೇ ಬರಲಿಲ್ಲವೋ, ಬಾಗಿಲಿಗೆ ಬಂದು ಒಳಗೆ ಬಿಡಿಸಿಕೊಳ್ಳಲಿಲ್ಲವೋ, ಒಳಗೆ ಬಂದು ದಾರಿ ತಪ್ಪಿತೋ, ಅಥವಾ ಉತ್ತರ ವಾಪಸ್ ಹೋಗಲಿಲ್ಲವೋ? ಈ ನಾಲ್ಕರಲ್ಲಿ ಯಾವುದು ಅಂತ ಗೊತ್ತಾದರೆ ಸರಿಪಡಿಸುವುದು ಸಾಮಾನ್ಯವಾಗಿ ಐದು ನಿಮಿಷದ ಕೆಲಸ. ಹೊರಗಿನಿಂದ ಒಳಗೆ, ಪ್ಯಾಕೆಟ್ ಬರುವ ದಾರಿಯಲ್ಲೇ ನಾವೂ ಬರೋಣ.

ಶುರು ಮಾಡುವ ಮೊದಲು ರೌಟರ್‌ನ ಈಗಿನ ಸೆಟ್ಟಿಂಗ್ಸ್ ಬ್ಯಾಕಪ್ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬದಲಾಯಿಸಿದ್ದನ್ನು ಬರೆದುಕೊಳ್ಳಿ. ಇನ್ನೊಂದು ಮಾತು: ಅರೆಬರೆ ಕೆಲಸ ಮಾಡುತ್ತಿರುವ ವಿಪಿಎನ್ ಮೂಲಕವೇ ಒಳಗೆ ಹೋಗಿ ರೌಟರ್ ಸೆಟ್ಟಿಂಗ್ ಮುಟ್ಟಬೇಡಿ. ಅದು ಕೂತ ಕೊಂಬೆ ಕಡಿದ ಹಾಗೆ.

ಮನೆಯ ವೈಫೈ ಆಫ್ ಮಾಡಿ ಪರೀಕ್ಷಿಸಿ

ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು. ನಾನೇ ಒಂದು ಇಡೀ ಸಂಜೆ ಇದರಲ್ಲಿ ಕಳೆದಿದ್ದೇನೆ. ಸೋಫಾದ ಮೇಲೆ ಕೂತು, ಮನೆಯದೇ ವೈಫೈನಲ್ಲಿ ಫೋನ್ ಇಟ್ಟುಕೊಂಡು, ಮನೆಯದೇ ಹೊರಗಿನ ವಿಳಾಸಕ್ಕೆ ಕನೆಕ್ಟ್ ಮಾಡುತ್ತಿದ್ದೆ. ಬರಲೇ ಇಲ್ಲ. ಸರ್ವರ್ ಕೆಟ್ಟಿದೆ ಅಂದುಕೊಂಡು ಎರಡು ಸಲ ಅಳಿಸಿ ಮತ್ತೆ ಹಾಕಿದೆ. ನಿಜವಾಗಿ ಎಲ್ಲ ಸರಿಯಾಗೇ ಇತ್ತು.

ಒಳಗಿನಿಂದ ಹೊರಟು, ಮನೆಯದೇ ಹೊರಗಿನ ವಿಳಾಸವನ್ನು ಮುಟ್ಟಿ, ಮತ್ತೆ ಒಳಗೇ ಬರುವ ಪ್ಯಾಕೆಟ್ಟನ್ನು ಕೆಲವು ರೌಟರ್‌ಗಳು ತಿರುಗಿಸಿ ಕಳಿಸುತ್ತವೆ, ಕೆಲವು ಬಿಸಾಡುತ್ತವೆ. ಹೀಗೆ ತಿರುಗಿಸಿ ಕಳಿಸುವುದಕ್ಕೆ ನ್ಯಾಟ್ ಲೂಪ್‌ಬ್ಯಾಕ್ ಅಂತ ಹೆಸರು. (ನ್ಯಾಟ್ ಅಂದರೆ ಒಂದೇ ಹೊರಗಿನ ವಿಳಾಸವನ್ನು ಒಳಗಿನ ಹಲವು ಸಾಧನಗಳು ಹಂಚಿಕೊಳ್ಳುವ ವ್ಯವಸ್ಥೆ.) ಹಾಗಾಗಿ ಒಳಗಿನಿಂದ ಮಾಡಿದ ಪರೀಕ್ಷೆ ಪಾಸಾದರೂ ನಂಬುವ ಹಾಗಿಲ್ಲ, ಫೇಲಾದರೂ ನಂಬುವ ಹಾಗಿಲ್ಲ. ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ಪರೀಕ್ಷಿಸಿ. ಲ್ಯಾಪ್‌ಟಾಪ್ ಆದರೆ ಅದೇ ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ. ಇನ್ನು ಮುಂದೆ ಹೇಳುವ ಎಲ್ಲ ಪರೀಕ್ಷೆಗೂ ಇದೇ ನಿಯಮ.

ನಿಮ್ಮ ಮನೆಗೆ ನಿಜವಾದ ವಿಳಾಸ ಇದೆಯಾ?

ಮನೆಯ ವಿಪಿಎನ್ ಬರದಿರಲು ಜಾಸ್ತಿ ಸಲ ಸಿಗುವ ಕಾರಣ ಇದು. ಇದಕ್ಕೂ ನಿಮ್ಮ ವಿಪಿಎನ್ ಸೆಟ್ಟಿಂಗ್‌ಗೂ ಸಂಬಂಧವೇ ಇರುವುದಿಲ್ಲ.

ರೌಟರ್‌ನ ಸ್ಟೇಟಸ್ ಪುಟ ತೆರೆಯಿರಿ. ಅಲ್ಲಿ 'ವ್ಯಾನ್ ಐಪಿ' ಅಥವಾ 'ಇಂಟರ್ನೆಟ್ ಐಪಿ' ಅಂತ ಒಂದು ವಿಳಾಸ, ಅಂದರೆ ರೌಟರ್‌ನ ಇಂಟರ್ನೆಟ್ ಕಡೆಯ (ವ್ಯಾನ್) ವಿಳಾಸ, ಇರುತ್ತದೆ. ಬರೆದುಕೊಳ್ಳಿ. ಆಮೇಲೆ ಮನೆಯ ಕಂಪ್ಯೂಟರ್‌ನಲ್ಲಿ, ಬೇರೆ ಯಾವ ವಿಪಿಎನ್ ಕೂಡ ಆನ್ ಇಲ್ಲದಿರುವಾಗ, ನಿಮ್ಮ ಐಪಿ ಏನು ಅಂತ ತೋರಿಸುವ ಯಾವುದಾದರೂ ಸೈಟ್ ತೆರೆಯಿರಿ. ಎರಡೂ ಒಂದೇ ಆಗಿದ್ದರೆ ಮುಂದಿನ ಭಾಗಕ್ಕೆ ಹೋಗಿ. ಬೇರೆ ಬೇರೆ ಆಗಿದ್ದರೆ ಸಮಸ್ಯೆ ಇಲ್ಲೇ ಇದೆ.

ರೌಟರ್ ತೋರಿಸುವ ವಿಳಾಸ 100.64 ರಿಂದ 100.127 ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ಹೊರಗಿನ ವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚಿದೆ. ಐಪಿವಿ4 (ಹಳೆಯ ಬಗೆಯ ಐಪಿ) ವಿಳಾಸಗಳು ಸಾಲದೆ ಬಂದಾಗ 2012 ರಲ್ಲಿ ಈ ಗುಂಪನ್ನು ಇದಕ್ಕೆಂದೇ ಎತ್ತಿಟ್ಟರು. ಹೊರಗಿನಿಂದ ಬಂದ ಪ್ಯಾಕೆಟ್ ಆ ಹಂಚಿದ ವಿಳಾಸದವರೆಗೆ ಬರುತ್ತದೆ, ಆದರೆ ಯಾವ ಮನೆಗೆ ಹೋಗಬೇಕು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ನಿಮ್ಮ ರೌಟರ್‌ನಲ್ಲಿ ಎಷ್ಟೇ ಪೋರ್ಟ್ (ಒಂದೊಂದು ಸೇವೆಗೆ ಇರುವ ಸಂಖ್ಯೆಯ ಬಾಗಿಲು) ತೆರೆದರೂ ಪ್ರಯೋಜನ ಇಲ್ಲ.

ಆಗ ಉಳಿಯುವ ದಾರಿಗಳು ನಾಲ್ಕು. ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಪಬ್ಲಿಕ್ ಐಪಿ ಕೇಳುವುದು ಮೊದಲನೆಯದು. ಸ್ಟ್ಯಾಟಿಕ್ ಬೇಕಂತಿಲ್ಲ, ಬದಲಾಗುವ ಪಬ್ಲಿಕ್ ಐಪಿ ಸಿಕ್ಕರೂ ಸಾಕು. ಎರಡನೆಯದು ಐಪಿವಿ6, ಹೊಸ ಬಗೆಯ ಐಪಿ ವಿಳಾಸ. ಮನೆಗೂ ಫೋನಿಗೂ ಐಪಿವಿ6 ಇದ್ದರೆ ಅದರ ಮೇಲೆ ನೇರವಾಗಿ ಬರಬಹುದು. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಒಂದು ಪೋರ್ಟ್‌ಗೆ ಬಂದದ್ದನ್ನು ಒಳಗಿನ ಸಾಧನಕ್ಕೆ ದಾಟಿಸುವುದು) ಇಲ್ಲ, ಪ್ಯಾಕೆಟ್ ತಡೆಯುವ ಕಾವಲಾದ ಫೈರ್‌ವಾಲ್‌ನಲ್ಲಿ ಆ ಪೋರ್ಟ್ ಬಿಟ್ಟರೆ ಆಯಿತು. ಆದರೆ ಐಪಿವಿ6 ಇಲ್ಲದ ನೆಟ್‌ವರ್ಕ್‌ನಲ್ಲಿ ಕೂತಾಗ ಕೈಕೊಡುತ್ತದೆ. ಮೂರನೆಯದು, ಪಬ್ಲಿಕ್ ವಿಳಾಸ ಇರುವ ಒಂದು ಸಣ್ಣ ಬಾಡಿಗೆ ಸರ್ವರ್ ತೆಗೆದುಕೊಂಡು ಮನೆಯೂ ಫೋನೂ ಅಲ್ಲಿಗೆ ಬಂದು ಸೇರುವ ಹಾಗೆ ಮಾಡುವುದು. ನಾಲ್ಕನೆಯದು ಟೇಲ್‌ಸ್ಕೇಲ್‌ನಂಥ ಸಿದ್ಧ ವಿಪಿಎನ್ ಸೇವೆ. ಅದು ಒಳಗೊಳಗೆ ವೈರ್‌ಗಾರ್ಡ್ ಅನ್ನುವ ವಿಪಿಎನ್ ವಿಧಾನವನ್ನೇ ಬಳಸುತ್ತದೆ, ನ್ಯಾಟ್ ದಾಟುವ ಕಷ್ಟವನ್ನು ಅದೇ ನೋಡಿಕೊಳ್ಳುತ್ತದೆ. ತಲೆನೋವು ಬೇಡ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಒಂದು ಎಚ್ಚರ: ಟೇಲ್‌ಸ್ಕೇಲ್ ಕೂಡ ತನ್ನ ಸಾಧನಗಳಿಗೆ ಇದೇ 100.64 ರ ಗುಂಪಿನ ವಿಳಾಸ ಕೊಡುತ್ತದೆ. ಅದನ್ನು ನೋಡಿ ಸಿಜಿನ್ಯಾಟ್ ಅಂದುಕೊಳ್ಳಬೇಡಿ. ನೋಡಬೇಕಾದದ್ದು ರೌಟರ್‌ನ ವ್ಯಾನ್ ವಿಳಾಸ ಮಾತ್ರ.

ವ್ಯಾನ್ ವಿಳಾಸ 192.168, 10, ಅಥವಾ 172.16 ರಿಂದ 172.31 ರ ಒಳಗೆ ಶುರುವಾದರೆ ಸಾಮಾನ್ಯವಾಗಿ ನಿಮ್ಮ ರೌಟರ್ ಮುಂದೆ ಇನ್ನೊಂದು ರೌಟರ್ ಇದೆ ಅಂತ ಅರ್ಥ. ಫೈಬರ್ ಹಾಕಿದವರು ಗೋಡೆಗೆ ಬಡಿದು ಹೋದ ಪೆಟ್ಟಿಗೆಯೇ ಅದು ಆಗಿರಬಹುದು. ಇದು ಡಬಲ್ ನ್ಯಾಟ್. ಆ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿದರೆ ಹೊರಗಿನ ವಿಳಾಸ ನೇರವಾಗಿ ನಿಮ್ಮ ರೌಟರ್‌ಗೇ ಸಿಗುತ್ತದೆ. ಅದು ಆಗದಿದ್ದರೆ ಆ ಪೆಟ್ಟಿಗೆಯಲ್ಲಿ ವಿಪಿಎನ್ ಪೋರ್ಟನ್ನು ನಿಮ್ಮ ರೌಟರ್‌ನ ವ್ಯಾನ್ ವಿಳಾಸಕ್ಕೆ ಫಾರ್ವರ್ಡ್ ಮಾಡಿ. ಜೊತೆಗೆ ಆ ವಿಳಾಸವನ್ನು ಪೆಟ್ಟಿಗೆಯ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ) ಪಟ್ಟಿಯಲ್ಲಿ ಕಾಯಂ ಮಾಡಿ. ಇದನ್ನು ಮರೆತವರ ವಿಪಿಎನ್ ಒಂದು ದಿನ ಕರೆಂಟ್ ಹೋಗಿ ಬಂದ ಮೇಲೆ ನಿಂತುಹೋಗುತ್ತದೆ. ಯಾಕೆಂದರೆ ರೌಟರ್‌ಗೆ ಹೊಸ ವಿಳಾಸ ಸಿಕ್ಕಿರುತ್ತದೆ, ಫಾರ್ವರ್ಡ್ ಇನ್ನೂ ಹಳೆಯದನ್ನೇ ತೋರಿಸುತ್ತಿರುತ್ತದೆ.

ಪೋರ್ಟ್

ವಿಪಿಎನ್ ವಿಧಾನಗಳಲ್ಲಿ ವೈರ್‌ಗಾರ್ಡ್ ಸಾಮಾನ್ಯವಾಗಿ 51820 ನೇ ಪೋರ್ಟ್ ಬಳಸುತ್ತದೆ, ಓಪನ್‌ವಿಪಿಎನ್ 1194, ಎಲ್2ಟಿಪಿ ಐಪಿಸೆಕ್ ಆದರೆ 500 ಮತ್ತು 4500. ಪ್ಯಾಕೆಟ್ ಕಳಿಸುವ ಎರಡು ಬಗೆ ಟಿಸಿಪಿ, ಯುಡಿಪಿ; ವೈರ್‌ಗಾರ್ಡ್ ಯುಡಿಪಿ ಮಾತ್ರ ಬಲ್ಲದು. ಫಾರ್ವರ್ಡ್ ಮಾಡುವಾಗ ಟಿಸಿಪಿ ಅಂತ ಆರಿಸಿಬಿಡುವುದು ಎಲ್ಲರೂ ಒಮ್ಮೆಯಾದರೂ ಮಾಡುವ ತಪ್ಪು. ಮೊದಲು ಅದನ್ನೇ ನೋಡಿ.

ವಿಪಿಎನ್ ಸರ್ವರ್ ರೌಟರ್‌ನಲ್ಲೇ ಇದ್ದರೆ ಆ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಬೇಕಿಲ್ಲ. ಪ್ಯಾಕೆಟ್ ಅಲ್ಲೇ ಇಳಿಯುತ್ತದೆ, ಮುಂದೆ ಎಲ್ಲೂ ಹೋಗುವುದಿಲ್ಲ ಅಲ್ವಾ? ವ್ಯಾನ್ ಕಡೆಯಿಂದ ಆ ಪೋರ್ಟ್‌ಗೆ ಬರುವುದನ್ನು ಫೈರ್‌ವಾಲ್ ಬಿಟ್ಟರೆ ಸಾಕು. ಕಂಪನಿಯ ಸಾಫ್ಟ್‌ವೇರ್ ಇರುವ ಹೆಚ್ಚಿನ ರೌಟರ್‌ಗಳು ಸರ್ವರ್ ಆನ್ ಮಾಡಿದಾಗ ಇದನ್ನು ತಾವೇ ಮಾಡಿಕೊಳ್ಳುತ್ತವೆ. ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಿಕೊಂಡಿದ್ದರೆ ನೀವೇ ನಿಯಮ ಬರೆಯಬೇಕು.

ಪೋರ್ಟ್ ತೆರೆದಿದೆಯಾ ಅಂತ ತೋರಿಸುವ ಸೈಟ್‌ಗಳ ಮಾತು ಇಲ್ಲಿ ನಡೆಯುವುದಿಲ್ಲ. ಹೆಚ್ಚಿನವು ಟಿಸಿಪಿಯನ್ನು ಮಾತ್ರ ನೋಡುತ್ತವೆ. ಯುಡಿಪಿ ನೋಡಿದರೂ ವೈರ್‌ಗಾರ್ಡ್ ಪರಿಚಯ ಇಲ್ಲದವರಿಗೆ ಉತ್ತರವನ್ನೇ ಕೊಡುವುದಿಲ್ಲ. ಅದನ್ನು ಹಾಗೆಯೇ ಮಾಡಿದ್ದಾರೆ. ಕೀ (ಗುರುತಿನ ಅಕ್ಷರಸಾಲು) ಸರಿಯಿಲ್ಲದ ಪ್ಯಾಕೆಟ್ ಬಂದರೆ ಸುಮ್ನೆ ಬಿಸಾಡುತ್ತದೆ. ಹಾಗಾಗಿ 'ಪೋರ್ಟ್ ಮುಚ್ಚಿದೆ' ಅಂತ ಸೈಟ್ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ.

ಖಾತ್ರಿಯಾಗಿ ನೋಡುವ ದಾರಿ ಇನ್ನೊಂದು. ರೌಟರ್‌ನ ಕಮಾಂಡ್ ಲೈನ್‌ಗೆ ಹೋಗಲು ಸಾಧ್ಯವಿದ್ದರೆ ಬಂದುಹೋಗುವ ಪ್ಯಾಕೆಟ್ ತೋರಿಸುವ ಟಿಸಿಪಿಡಂಪ್ ಹಾಕಿ, ವ್ಯಾನ್ ಕಡೆಯ ಆ ಒಂದೇ ಪೋರ್ಟ್ ಮೇಲೆ ಕಣ್ಣಿಡಿ. ಹೆಸರಲ್ಲಿ ಟಿಸಿಪಿ ಇದ್ದರೂ ಅದು ಯುಡಿಪಿಯನ್ನೂ ತೋರಿಸುತ್ತದೆ. ಈಗ ಫೋನಿನಿಂದ ಕನೆಕ್ಟ್ ಒತ್ತಿ. ಒಂದು ಸಾಲೂ ಬರಲಿಲ್ಲ ಅಂದರೆ ಪ್ಯಾಕೆಟ್ ಮನೆಗೇ ಬಂದಿಲ್ಲ, ತಪ್ಪು ಹೊರಗಿದೆ: ವಿಳಾಸ, ಮುಂದಿನ ಪೆಟ್ಟಿಗೆ, ಅಥವಾ ಮೊಬೈಲ್ ನೆಟ್‌ವರ್ಕ್. ಸಾಲು ಬಂತು, ಉತ್ತರ ಹೋಗಲಿಲ್ಲ ಅಂದರೆ ಫೈರ್‌ವಾಲ್ ಅಥವಾ ಕೀ. ಎರಡೂ ಕಡೆ ಸಾಲು ಓಡುತ್ತಿದ್ದರೆ ಇಲ್ಲಿಯವರೆಗಿನದ್ದೆಲ್ಲ ಸರಿ. ಕಮಾಂಡ್ ಲೈನ್ ಇಲ್ಲದವರು ಫೈರ್‌ವಾಲ್ ಪುಟದಲ್ಲಿ ಆ ನಿಯಮದ ಪ್ಯಾಕೆಟ್ ಎಣಿಕೆ ಇದ್ದರೆ ನೋಡಬಹುದು. ಒತ್ತಿದಾಗ ಎಣಿಕೆ ಏರಬೇಕು.

ಹೆಸರು ಸರಿಯಾದ ಮನೆಗೆ ಕರೆದುಕೊಂಡು ಹೋಗುತ್ತಿದೆಯಾ?

ಡಿಡಿಎನ್‌ಎಸ್ ಹೆಸರು (ಬದಲಾಗುವ ಐಪಿಗೆ ಅಂಟಿಸಿದ ಕಾಯಂ ಹೆಸರು) ಬಳಸುತ್ತಿದ್ದರೆ ಆ ಹೆಸರಿಗೆ ಈಗ ಯಾವ ಐಪಿ ಬರುತ್ತಿದೆ ಅಂತ ನೋಡಿ, ವ್ಯಾನ್ ವಿಳಾಸದ ಜೊತೆ ಹೋಲಿಸಿ. ಹಳೆಯದು ಬರುತ್ತಿದ್ದರೆ ಡಿಡಿಎನ್‌ಎಸ್ ಅಪ್‌ಡೇಟ್ ನಿಂತಿದೆ. ಪರೀಕ್ಷೆಗೆ ಹೆಸರಿನ ಬದಲು ಐಪಿಯನ್ನೇ ಕಾನ್ಫಿಗ್‌ನಲ್ಲಿ ಹಾಕಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಎರಡು ಮೂಲೆಗಳಲ್ಲಿ ಜನ ಎಡವುತ್ತಾರೆ. ವೈರ್‌ಗಾರ್ಡ್ ಹೆಸರನ್ನು ಐಪಿಯಾಗಿ ಬದಲಾಯಿಸಿಕೊಳ್ಳುವುದು ಶುರುವಿನಲ್ಲಿ ಒಂದೇ ಸಲ. ಆಮೇಲೆ ಮನೆಯ ಐಪಿ ಬದಲಾದರೆ ಅದು ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಿರಬಹುದು. ಟನಲ್ (ಆ ವಿಪಿಎನ್ ಸಂಪರ್ಕ) ಆಫ್ ಮಾಡಿ ಮತ್ತೆ ಆನ್ ಮಾಡಿ. ಇನ್ನೊಂದು, ಡಿಡಿಎನ್‌ಎಸ್ ಹೆಸರಿಗೆ ಐಪಿವಿ6 ವಿಳಾಸವೂ ಅಂಟಿಕೊಂಡಿದ್ದರೆ ಫೋನ್ ಅದನ್ನೇ ಹಿಡಿದು ಹೊರಡಬಹುದು. ನೀವು ತೆರೆದಿಟ್ಟಿರುವುದು ಐಪಿವಿ4 ಬಾಗಿಲು, ಅದು ತಟ್ಟುವುದು ಇನ್ನೊಂದನ್ನು.

ಕೈ ಕುಲುಕುವ ಹಂತ

ವೈರ್‌ಗಾರ್ಡ್ ಆ್ಯಪ್‌ನಲ್ಲಿ ಸ್ವಿಚ್ ಹಸಿರಾಯಿತು ಅಂದರೆ ಏನೂ ಅರ್ಥವಿಲ್ಲ. ನಿಮ್ಮ ಫೋನ್ ತನ್ನ ಕಡೆಯ ಕೆಲಸ ಶುರು ಮಾಡಿದೆ ಅಷ್ಟೆ. ಸರ್ವರ್ ಭೂಮಿಯ ಮೇಲೆ ಇಲ್ಲದಿದ್ದರೂ ಹಸಿರಾಗುತ್ತದೆ. ನೋಡಬೇಕಾದದ್ದು 'ಲೇಟೆಸ್ಟ್ ಹ್ಯಾಂಡ್‌ಶೇಕ್' ಅನ್ನುವ ಸಾಲು, ಅಂದರೆ ಎರಡೂ ಕಡೆ ಪರಸ್ಪರ ಗುರುತು ಹಿಡಿದ ಕೊನೆಯ ಸಮಯ. ಅದು ಇಲ್ಲದೆ, ಕಳಿಸಿದ ಬೈಟ್ ಮಾತ್ರ ಏರುತ್ತಾ, ಬಂದದ್ದು 0 ಆಗೇ ಇದ್ದರೆ ಕೈ ಕುಲುಕಿಲ್ಲ.

ಪ್ಯಾಕೆಟ್ ರೌಟರ್‌ಗೆ ಬರುತ್ತಿದೆ ಅಂತ ಮೇಲೆ ಖಾತ್ರಿ ಮಾಡಿಕೊಂಡಿದ್ದರೆ ಈಗ ಕೀಗಳನ್ನು ಅನುಮಾನಿಸಿ. ಎರಡೂ ಕಡೆ ತಮ್ಮ ಪ್ರೈವೇಟ್ ಕೀ ತಮ್ಮಲ್ಲೇ ಇರಬೇಕು, ಎದುರಿನವರ ಪಬ್ಲಿಕ್ ಕೀ ಪಿಯರ್ (ಎದುರಿನ ಸಾಧನ) ಜಾಗದಲ್ಲಿ ಇರಬೇಕು. ಅದಲುಬದಲು ಮಾಡುವುದು, ತನ್ನದೇ ಪಬ್ಲಿಕ್ ಕೀಯನ್ನು ಪಿಯರ್ ಜಾಗಕ್ಕೆ ಹಾಕುವುದು, ಕಾಪಿ ಮಾಡುವಾಗ ಕೊನೆಯ ಸಮಾನ ಚಿಹ್ನೆ ಬಿಟ್ಟುಹೋಗುವುದು, ಇವೆಲ್ಲ ದಿನನಿತ್ಯದ ಕಥೆ. ಪ್ರೀಶೇರ್ಡ್ ಕೀ ಹಾಕಿದ್ದರೆ ಎರಡೂ ಕಡೆ ಒಂದೇ ಇರಬೇಕು. ಅನುಮಾನ ಇದ್ದರೆ ಹುಡುಕುತ್ತಾ ಕೂರಬೇಡಿ, ಹೊಸ ಪಿಯರ್ ಮಾಡಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಬಿಡಿ.

ಓಪನ್‌ವಿಪಿಎನ್ ಹೀಗೆ ಮೌನವಾಗಿ ಇರುವುದಿಲ್ಲ, ಲಾಗ್‌ನಲ್ಲಿ ಜಾಸ್ತಿ ಮಾತಾಡುತ್ತದೆ. ಟಿಎಲ್‌ಎಸ್ (ಸಂಪರ್ಕ ಭದ್ರ ಮಾಡುವ) ಮಾತುಕತೆ 60 ಸೆಕೆಂಡಿನಲ್ಲಿ ಮುಗಿಯಲಿಲ್ಲ ಅಂತ ಬಂದರೆ ಅದು ಬಹುತೇಕ ನೆಟ್‌ವರ್ಕ್ ಸಮಸ್ಯೆ, ವಾಪಸ್ ಪೋರ್ಟ್ ಭಾಗಕ್ಕೆ ಹೋಗಿ. ಸರ್ಟಿಫಿಕೇಟ್ (ಗುರುತಿನ ಡಿಜಿಟಲ್ ಪತ್ರ) ಬಗ್ಗೆ ಗೊಣಗಿದರೆ ಮೊದಲು ರೌಟರ್‌ನ ಗಡಿಯಾರ ನೋಡಿ. ಹೆಚ್ಚಿನ ಮನೆ ರೌಟರ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರ ಇರುವುದಿಲ್ಲ. ಕರೆಂಟ್ ಹೋಗಿ ಬಂದಾಗ ಯಾವುದೋ ಹಳೆಯ ತಾರೀಖಿನಿಂದ, ಕೆಲವು 1970 ರಿಂದಲೇ, ಶುರು ಮಾಡುತ್ತವೆ. ಎನ್‌ಟಿಪಿಯಿಂದ (ಇಂಟರ್ನೆಟ್‌ನಿಂದ ಸಮಯ ತರುವ ವ್ಯವಸ್ಥೆ) ಸರಿಯಾದ ಸಮಯ ಸಿಗುವವರೆಗೆ ನಿಮ್ಮ ಸರ್ಟಿಫಿಕೇಟ್ 'ಇನ್ನೂ ಜಾರಿಗೆ ಬಂದಿಲ್ಲ' ಅಂತಲೇ ಅದಕ್ಕೆ ಅನ್ನಿಸುತ್ತದೆ. ಗಡಿಯಾರ ಸರಿಯಿದ್ದರೆ ಸರ್ಟಿಫಿಕೇಟ್ ಅವಧಿ ಮುಗಿದಿರಬಹುದು. ಸರ್ಟಿಫಿಕೇಟ್ ಮಾಡಿಕೊಡುವ ಈಸಿ-ಆರ್‌ಎಸ್‌ಎ 3 ರ ಇತ್ತೀಚಿನ ಆವೃತ್ತಿಯಿಂದ ಮಾಡಿದ್ದರೆ ಬೇರೆ ಹೇಳದಿದ್ದಲ್ಲಿ ಅವಧಿ 825 ದಿನ. ಎರಡು ವರ್ಷ ಚೆನ್ನಾಗಿ ಓಡಿದ ವಿಪಿಎನ್ ಯಾರೂ ಮುಟ್ಟದೆ ಒಂದು ಬೆಳಿಗ್ಗೆ ನಿಂತಿತು ಅಂದರೆ ಲೆಕ್ಕ ಹಾಕಿ ನೋಡಿ.

ಒಂದೇ ಕಾನ್ಫಿಗ್ ಫೈಲನ್ನು ಫೋನಿಗೂ ಲ್ಯಾಪ್‌ಟಾಪ್‌ಗೂ ಹಾಕಿದ್ದೀರಾ? ಹಾಗಾದರೆ ಒಂದು ಬಂದಾಗ ಇನ್ನೊಂದು ಬೀಳುತ್ತದೆ, ಇದು ಕೆಡುಕಲ್ಲ, ಅದರ ಸ್ವಭಾವ. ಪ್ರತಿ ಸಾಧನಕ್ಕೂ ಬೇರೆ ಕೀ, ಬೇರೆ ಒಳ ವಿಳಾಸ ಕೊಡಿ. ಸರ್ವರ್ ಕಡೆ ವೈರ್‌ಗಾರ್ಡ್‌ನ 'ಅಲೌಡ್ ಐಪಿ' (ಆ ಪಿಯರ್‌ಗೆ ಸೇರುವ ವಿಳಾಸಗಳು) ಎರಡು ಪಿಯರ್‌ಗಳಿಗೆ ಒಂದೇ ಬರೆದಿದ್ದರೂ ಹೀಗೇ ಆಗುತ್ತದೆ. ಕೊನೆಗೆ ಬರೆದವನಿಗೆ ಮಾತ್ರ ಅದು ಸಿಗುತ್ತದೆ.

ಇನ್ನೂ ಪಿಪಿಟಿಪಿ ಅನ್ನುವ ಹಳೆಯ ವಿಪಿಎನ್ ವಿಧಾನ ಹಿಡಿದು ಒದ್ದಾಡುತ್ತಿದ್ದರೆ ಸಮಯ ಹಾಳು ಮಾಡಬೇಡಿ. ಅದರ ಪಾಸ್‌ವರ್ಡ್ ವಿಧಾನವನ್ನು ಒಡೆಯಬಹುದು ಅಂತ 2012 ರಲ್ಲೇ ತೋರಿಸಿದ್ದಾರೆ. ಆ್ಯಂಡ್ರಾಯ್ಡ್ 12 ರಿಂದ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಪಿಪಿಟಿಪಿ, ಎಲ್2ಟಿಪಿ ಎರಡನ್ನೂ ಹೊಸದಾಗಿ ಹಾಕಲು ಬರುವುದಿಲ್ಲ.

ಕನೆಕ್ಟ್ ಆಯಿತು, ಆದರೆ ಏನೂ ತೆರೆಯುತ್ತಿಲ್ಲ

ಇಲ್ಲಿ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಸಣ್ಣ ಪ್ಯಾಕೆಟ್ ಕಳಿಸಿ ಉತ್ತರ ಬರುತ್ತದಾ ನೋಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿ ರೋಗ.

ಮೊದಲು ಸರ್ವರ್‌ನ ವಿಪಿಎನ್ ಒಳ ವಿಳಾಸ, ಉದಾಹರಣೆಗೆ 10.8.0.1. ಹ್ಯಾಂಡ್‌ಶೇಕ್ ಆಗಿದ್ದೂ ಇದು ಉತ್ತರಿಸದಿದ್ದರೆ ಅಲೌಡ್ ಐಪಿ ತಪ್ಪಿದೆ, ಅಥವಾ ಫೋನಿಗೆ ಕೊಟ್ಟ ವಿಳಾಸವೂ ಸರ್ವರ್‌ನಲ್ಲಿ ಬರೆದದ್ದೂ ಬೇರೆ ಇದೆ.

ಎರಡನೆಯದು ರೌಟರ್‌ನ ಮನೆಯೊಳಗಿನ ವಿಳಾಸ. ಇದು ಬರದಿದ್ದರೆ ಮೊದಲ ಅನುಮಾನ ಸಬ್‌ನೆಟ್ (ಒಂದು ನೆಟ್‌ವರ್ಕ್‌ನ ವಿಳಾಸಗಳ ಗುಂಪು) ಡಿಕ್ಕಿ. ನಿಮ್ಮ ಮನೆಯಲ್ಲಿ 192.168.1 ಇದೆ, ನೀವು ಕೂತಿರುವ ಕಡೆಯ ವೈಫೈಯಲ್ಲೂ 192.168.1 ಇದೆ. ಆಗ ಲ್ಯಾಪ್‌ಟಾಪ್ ಆ ವಿಳಾಸವನ್ನು ಪಕ್ಕದಲ್ಲೇ ಹುಡುಕುತ್ತದೆ, ಟನಲ್ ಒಳಗೆ ಕಳಿಸುವುದೇ ಇಲ್ಲ. ಮೊಬೈಲ್ ಡೇಟಾದಲ್ಲಿ ಸರಿ, ಬೇರೆಯವರ ವೈಫೈಯಲ್ಲಿ ಇಲ್ಲ ಅನ್ನುವ ವಿಚಿತ್ರಕ್ಕೆ ಹೆಚ್ಚಾಗಿ ಇದೇ ಕಾರಣ. ಮನೆಯ ಸಬ್‌ನೆಟ್ಟನ್ನು 192.168.73 ಥರದ, ಯಾರೂ ಬಳಸದ ಒಂದಕ್ಕೆ ಬದಲಾಯಿಸಿಬಿಡಿ. ಪ್ರಿಂಟರ್, ಕ್ಯಾಮೆರಾ ಎಲ್ಲ ಮತ್ತೆ ಜೋಡಿಸಬೇಕಾದೀತು, ಬೇಸರದ ಕೆಲಸ, ಆದರೆ ಒಂದೇ ಸಲದ್ದು.

ಮೂರನೆಯದು ಮನೆಯೊಳಗಿನ ಒಂದು ಕಂಪ್ಯೂಟರ್. ರೌಟರ್ ಉತ್ತರಿಸಿ ಇದು ಉತ್ತರಿಸದಿದ್ದರೆ ಎರಡು ಕಡೆ ನೋಡಿ. ರೌಟರ್ ಫೈರ್‌ವಾಲ್‌ನಲ್ಲಿ ವಿಪಿಎನ್ ಕಡೆಯಿಂದ ಮನೆಯ ಕಡೆಗೆ ಫಾರ್ವರ್ಡಿಂಗ್ ಬಿಟ್ಟಿದೆಯಾ? ಬಿಟ್ಟಿದ್ದರೆ ಆ ಕಂಪ್ಯೂಟರ್‌ನದೇ ಫೈರ್‌ವಾಲ್. ವಿಂಡೋಸ್ ಸಾಮಾನ್ಯವಾಗಿ ತನ್ನ ಸಬ್‌ನೆಟ್‌ನವರಿಗೆ ಮಾತ್ರ ಪಿಂಗ್, ಫೈಲ್ ಶೇರಿಂಗ್ ಬಿಡುತ್ತದೆ. 10.8.0 ದಿಂದ ಬಂದವನು ಅದಕ್ಕೆ ಹೊರಗಿನವನು. ಆ ಸಬ್‌ನೆಟ್ಟನ್ನು ನಿಯಮದಲ್ಲಿ ಸೇರಿಸಿ.

ನಾಲ್ಕನೆಯದು 1.1.1.1, ಇಂಟರ್ನೆಟ್‌ನಲ್ಲಿರುವ ಒಂದು ವಿಳಾಸ. ಮನೆಯೊಳಗೆ ಎಲ್ಲ ಸಿಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ ಅಂದರೆ ವಿಪಿಎನ್‌ನಿಂದ ವ್ಯಾನ್‌ಗೆ ಫಾರ್ವರ್ಡಿಂಗ್ ಅಥವಾ ಮಾಸ್ಕರೇಡ್ (ರೌಟರ್ ತನ್ನ ಹೊರಗಿನ ವಿಳಾಸ ಹಚ್ಚಿ ಕಳಿಸುವುದು) ಇಲ್ಲ. ಇಂಟರ್ನೆಟ್ ಕೂಡ ಮನೆ ಮೂಲಕವೇ ಹೋಗಬೇಕಾದರೆ ಫೋನಿನ ಅಲೌಡ್ ಐಪಿಯಲ್ಲಿ 0.0.0.0/0 (ಎಲ್ಲ ವಿಳಾಸಗಳೂ) ಇರಬೇಕು. ಮನೆಯ ಸಾಧನಗಳು ಮಾತ್ರ ಸಾಕು ಅಂದರೆ ಮನೆಯ ಸಬ್‌ನೆಟ್ಟನ್ನೂ ವಿಪಿಎನ್ ಸಬ್‌ನೆಟ್ಟನ್ನೂ ಮಾತ್ರ ಬರೆಯಿರಿ, ಈ ಮೆಟ್ಟಿಲು ಬಿಟ್ಟುಬಿಡಿ.

1.1.1.1 ಬಂದು ಸೈಟ್‌ಗಳು ಹೆಸರಿನಿಂದ ತೆರೆಯದಿದ್ದರೆ ಸಮಸ್ಯೆ ಡಿಎನ್‌ಎಸ್, ಅಂದರೆ ಹೆಸರನ್ನು ಐಪಿಯಾಗಿ ಬದಲಿಸುವ ವ್ಯವಸ್ಥೆ. ಕಾನ್ಫಿಗ್‌ನಲ್ಲಿ ರೌಟರ್‌ನ ವಿಳಾಸ ಡಿಎನ್‌ಎಸ್ ಆಗಿದ್ದರೆ, ವಿಪಿಎನ್ ಕಡೆಯಿಂದ ಬರುವ ಡಿಎನ್‌ಎಸ್ ಪ್ರಶ್ನೆಗೆ ರೌಟರ್ ಉತ್ತರಿಸುವಂತೆ ಬಿಡಿ.

ಪಿಂಗ್ ಸರಿ, ಪುಟ ಅರ್ಧಕ್ಕೆ ನಿಲ್ಲುತ್ತದೆ

ಇದು ನಿಜವಾಗಿಯೂ ಹುಚ್ಚು ಹಿಡಿಸುವ ರೋಗ. ಸಣ್ಣ ಪುಟ ಬರುತ್ತದೆ, ಪಿಂಗ್ ಓಡುತ್ತದೆ, ಫೋಟೋ ಇರುವ ಪುಟ ಮಾತ್ರ ನೇತಾಡುತ್ತದೆ. ಇದು ಎಂಟಿಯು ಸಮಸ್ಯೆ, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರದ್ದು. ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಜೋಡಿಸುವ ಪಿಪಿಪಿಒಇ ಲೈನ್‌ನಲ್ಲಿ 1492. ವೈರ್‌ಗಾರ್ಡ್ ತನ್ನ ಹೊದಿಕೆಗೆ ಐಪಿವಿ4 ಮೇಲೆ 60, ಐಪಿವಿ6 ಮೇಲೆ 80 ಬೈಟ್ ತಿನ್ನುತ್ತದೆ. ಅದಕ್ಕೇ ಅದು ಸಾಮಾನ್ಯವಾಗಿ 1420 ಇಟ್ಟುಕೊಳ್ಳುವುದು. ಪಿಪಿಪಿಒಇ ಮೇಲೆ ಐಪಿವಿ6 ಬಂದರೆ 1412 ಕ್ಕೆ ಇಳಿಯಬೇಕು. ಕೆಲವು ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಇನ್ನೂ ಕಡಿಮೆ.

ಲೆಕ್ಕ ಬೇಡವಾದರೆ ಎರಡೂ ಕಡೆ ಎಂಟಿಯು 1280 ಹಾಕಿ. ಸರಿಯಾಯಿತು ಅಂದರೆ ರೋಗ ಇದೇ. ಆಮೇಲೆ ಬೇಕಾದರೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋಗಿ. 1280 ರಲ್ಲೇ ಬಿಟ್ಟರೂ ವೇಗದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ಬಿಟ್ಟು ಬಿಟ್ಟು ಹೋಗುವುದು, ನಿಧಾನ ಆಗುವುದು

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮನೆಯ ಕಡೆಯಿಂದ ಫೋನನ್ನು ಮುಟ್ಟಲು ಆಗದಿದ್ದರೆ, ಮಧ್ಯದ ನ್ಯಾಟ್ ಆ ಸಂಪರ್ಕವನ್ನು ಮರೆತುಬಿಟ್ಟಿದೆ. ಫೋನಿನ ಕಾನ್ಫಿಗ್‌ನಲ್ಲಿ ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಹಾಕಿ, ಆಗ 25 ಸೆಕೆಂಡಿಗೊಮ್ಮೆ ಒಂದು ಸಣ್ಣ ಪ್ಯಾಕೆಟ್ ಹೋಗುತ್ತಿರುತ್ತದೆ. ಬ್ಯಾಟರಿ ಸ್ವಲ್ಪ ಖರ್ಚಾಗುತ್ತದೆ, ಬೇಡದಿದ್ದರೆ ಹಾಕಬೇಡಿ.

ವೇಗದ ಬಗ್ಗೆ ದೂರುವ ಮೊದಲು ಮನೆಯ ಅಪ್‌ಲೋಡ್ ವೇಗ ನೋಡಿ. ಹೊರಗಿದ್ದಾಗ ನಿಮ್ಮ ಡೌನ್‌ಲೋಡ್ ಅಂದರೆ ಮನೆಯ ಅಪ್‌ಲೋಡ್. ಅದು 20 ಎಂಬಿಪಿಎಸ್ ಆಗಿದ್ದರೆ ಅದಕ್ಕಿಂತ ಜಾಸ್ತಿ ಎಲ್ಲಿಂದ ಬರಬೇಕು? ಆಮೇಲೆ ರೌಟರ್‌ನ ಸಿಪಿಯು. ಓಪನ್‌ವಿಪಿಎನ್ ಸಾಮಾನ್ಯವಾಗಿ ಒಂದೇ ಕೋರ್‌ನಲ್ಲಿ ದುಡಿಯುತ್ತದೆ, ಸಣ್ಣ ರೌಟರ್‌ಗೆ ಬೆವರಿಳಿಯುತ್ತದೆ. ವೈರ್‌ಗಾರ್ಡ್ 2020 ರಲ್ಲಿ ಲಿನಕ್ಸ್ 5.6 ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಒಳಗೇ ಸೇರಿತು, ಅದೇ ರೌಟರ್‌ನಲ್ಲಿ ಸಾಕಷ್ಟು ಹಗುರವಾಗಿ ಓಡುತ್ತದೆ. ಸಾಧ್ಯವಿದ್ದರೆ ಅದಕ್ಕೆ ಬದಲಾಗಿ.

ಎಲ್ಲ ಕಡೆ ಬಂದು ಒಂದು ಆಫೀಸಿನ ಅಥವಾ ಹೋಟೆಲಿನ ವೈಫೈಯಲ್ಲಿ ಮಾತ್ರ ಬರದಿದ್ದರೆ ಅವರು ಯುಡಿಪಿ ತಡೆದಿರಬಹುದು. ಅಂಥ ಕಡೆಗೆಂದು ಓಪನ್‌ವಿಪಿಎನ್‌ನ ಎರಡನೇ ಸರ್ವರ್ ಒಂದನ್ನು ಟಿಸಿಪಿ 443 ರಲ್ಲಿ ಇಟ್ಟುಕೊಳ್ಳುವವರಿದ್ದಾರೆ. ನಿಧಾನ, ಆದರೆ ಸಾಮಾನ್ಯ ವೆಬ್ ಸೈಟ್‌ಗಳೂ ಅದೇ ಪೋರ್ಟ್‌ನಲ್ಲಿ ಹೋಗುವುದರಿಂದ ಹೆಚ್ಚಾಗಿ ದಾಟುತ್ತದೆ. ಆಫೀಸಿನ ನೆಟ್‌ವರ್ಕ್ ಆದರೆ ಅಲ್ಲಿನ ನಿಯಮ ಏನು ಅಂತ ಮೊದಲು ಕೇಳಿಕೊಳ್ಳಿ.

ಸರಿಯಾದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಹುಡುಕಾಟದ ಭರದಲ್ಲಿ ಆನ್ ಮಾಡಿದ ಡಿಎಂಜೆಡ್ (ಎಲ್ಲ ಪೋರ್ಟನ್ನೂ ಒಂದು ಸಾಧನಕ್ಕೆ ಬಿಡುವ ಸೆಟ್ಟಿಂಗ್), ಆಫ್ ಮಾಡಿದ ಕಂಪ್ಯೂಟರ್ ಫೈರ್‌ವಾಲ್, ಹೊರಗಿನಿಂದ ತೆರೆಯುವಂತೆ ಬಿಟ್ಟ ರೌಟರ್‌ನ ಅಡ್ಮಿನ್ ಪುಟ, ಪರೀಕ್ಷೆಗೆ ಮಾಡಿದ ಪಿಯರ್‌ಗಳು, ಇವನ್ನೆಲ್ಲ ಬರೆದಿಟ್ಟ ಪಟ್ಟಿ ನೋಡಿಕೊಂಡು ವಾಪಸ್ ತೆಗೆಯಿರಿ. ಆಮೇಲೆ ರೌಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮೊಬೈಲ್ ಡೇಟಾದಲ್ಲಿ ಮತ್ತೊಮ್ಮೆ ಕನೆಕ್ಟ್ ಮಾಡಿ ನೋಡಿ.